‘ಇಲ್ಲ’ ಅಂದ ಲಾಯರಮ್ಮ

ಲಾಯರಮ್ಮನ ಕರಿಕೋಟಿನ ಎರಡೂ ಭುಜಗಳ ಮೇಲೆ ಯಾವಾಗಲೂ ರಾಗಿಹಿಟ್ಟು ಇರುತ್ತಿತ್ತು. ರಾಜಾಜಿನಗರದ ಅವರ ಆಫೀಸು ಒಂದು ಹಿಟ್ಟಿನ ಮಿಲ್ಲಿಗೆ ಅಂಟಿಕೊಂಡಿತ್ತು. ನಡುವಿನ ಗೋಡೆ ಸೂರಿನವರೆಗೆ ಹೋಗದೆ ಒಂದು ಮೊಳ ಕೆಳಗೇ ನಿಂತಿತ್ತು. ಮಿಲ್ಲು ತಿರುಗಿದಷ್ಟು ಹೊತ್ತೂ ಆ ಸಂದಿಯಿಂದ ಹಿಟ್ಟು ಹಾರಿ ಬಂದು ಕಾನೂನು ಪುಸ್ತಕಗಳ ಮೇಲೆ, ಫೈಲುಗಳ ಮೇಲೆ, ಮೊಳೆಗೆ ನೇತುಹಾಕಿದ ಕೋಟಿನ ಮೇಲೆ ಕೂರುತ್ತಿತ್ತು. ಕೋರ್ಟಿಗೆ ಹೊರಡುವಾಗ ಅವರು ಕೋಟನ್ನು ಬಾಗಿಲಾಚೆ ಹಿಡಿದು ಪಟಪಟನೆ ಕೊಡವುತ್ತಿದ್ದರು. ಆದರೂ ಪೂರ್ತಿ ಹೋಗುತ್ತಿರಲಿಲ್ಲ. ಎದುರು ಪಾರ್ಟಿಯ ವಕೀಲರೊಬ್ಬರು ಒಂದು ದಿನ ಕೋರ್ಟಿನ ಕಾರಿಡಾರಿನಲ್ಲಿ, “ಏನ್ ಮೇಡಂ, ಮುದ್ದೆ ತಿರುವಿ ಸೀದಾ ಬಂದ್ರಾ?” ಎಂದು ನಕ್ಕರು. “ಹೌದು ಸಾರ್. ಇವತ್ತು ನಿಮ್ಮನ್ನೂ ತಿರುವ್ತೀನಿ, ಬನ್ನಿ ಒಳಗೆ” ಎಂದು ಲಾಯರಮ್ಮ ನಡೆದೇಬಿಟ್ಟರು. ಆ ಕೇಸು ನಾವೇ ಗೆದ್ದೆವು.

ಅವರು ತೀರಿಕೊಂಡ ಮರುದಿನ ಪತ್ರಿಕೆಯಲ್ಲಿ ಸಣ್ಣದೊಂದು ಸುದ್ದಿ ಬಂತು. ಹಿರಿಯ ವಕೀಲೆ, ಮಾಜಿ ಶಾಸಕಿ, ಮೃದುಭಾಷಿ. ಮೊದಲ ಎರಡು ಸರಿ. ಮೂರನೆಯದನ್ನು ಓದಿ ನನಗೆ ಮೈ ಉರಿದುಹೋಯಿತು. ಮೃದುಭಾಷಿಯಂತೆ! ಮಿಲ್ಲಿನ ಸದ್ದನ್ನು ಮೀರಿ ಕಕ್ಷಿದಾರರ ಹತ್ತಿರ ಮಾತಾಡಿ ಮಾತಾಡಿ ಆ ಹೆಂಗಸಿನ ಗಂಟಲು ಹರಿದ ತಮಟೆಯ ಹಾಗಾಗಿತ್ತು. ಪಿಸುಮಾತು ಅವರಿಗೆ ಬರುತ್ತಲೇ ಇರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಒಪ್ಪಿದೆ. ಆದರೆ ಇಲ್ಲದ ಗುಣವನ್ನು ತಂದು ಅಂಟಿಸಿ, ಇದ್ದ ಗುಣವನ್ನು ಕೆರೆದು ಹಾಕುವುದು ಒಳ್ಳೆಯದು ಹೇಳಿದಂತೆ ಆಗುವುದಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ನಾನು ಹೆಗ್ಗನಹಳ್ಳಿಯವಳು. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಓಡಿಸುತ್ತಿದ್ದರು. ಸಂಜೆ ಕಾಲೇಜಿನಲ್ಲಿ ಕಾನೂನು ಓದಿ ಮುಗಿಸಿ, ಜೂನಿಯರ್ ಆಗಿ ಸೇರಿಸಿಕೊಳ್ಳಿ ಎಂದು ಕೇಳಲು ನಾನು ಲಾಯರಮ್ಮನ ಮುಂದೆ ನಿಂತಾಗ ಅವರು ತಲೆ ಎತ್ತದೆಯೇ ಕೇಳಿದರು.

“ಟೈಪಿಂಗ್ ಬರುತ್ತಾ?”

“ನೋಡ್ತೀನಿ ಮೇಡಂ.”

“ಏನ್ ನೋಡ್ತೀಯಾ? ಬರುತ್ತಾ?”

“ಸ್ವಲ್ಪ ಪ್ರಾಕ್ಟೀಸ್ ಮಾಡಿದ್ರೆ…”

“ಬರಲ್ಲ ಅನ್ನು.”

ನಾನು ತಲೆ ತಗ್ಗಿಸಿದೆ.

“ತಲೆ ತಗ್ಸೋದು ಉತ್ತರ ಅಲ್ಲ ಕಣೇ. ಬಾಯಿ ಬಿಟ್ಟು ಹೇಳು. ಬರಲ್ಲ ಅಂದ್ರೆ ಕಲಿಸ್ತೀನಿ. ನೋಡ್ತೀನಿ ಅಂದ್ರೆ ನಾನೇನ್ ಮಾಡ್ಲಿ?”

“ಬರಲ್ಲ ಮೇಡಂ.”

“ಹಾಂ. ನಾಳೆಯಿಂದ ಬಾ.”

ಹೀಗೆ ನನ್ನ ಕೆಲಸ ಶುರುವಾಯಿತು. ಆ ಒಂದು ಪದ ನನ್ನ ಬಾಯಿಂದ ಹೊರಡುವುದು ಎಷ್ಟು ಕಷ್ಟವಿತ್ತು ಎಂಬುದು ನಮ್ಮಂಥ ಮನೆಗಳಲ್ಲಿ ಬೆಳೆದವರಿಗೆ ಗೊತ್ತು. ನಮ್ಮಮ್ಮನ ಅಡುಗೆಮನೆಯಲ್ಲಿ ‘ಇಲ್ಲ’ ಎಂಬ ಪದಕ್ಕೆ ಪ್ರವೇಶವಿರಲಿಲ್ಲ. ಅರಿಶಿನದ ಡಬ್ಬಿ ತಳ ಕಂಡರೆ ‘ಅರಿಶಿನ ಹೆಚ್ಚಿದೆ’ ಅನ್ನಬೇಕು. ಬಳೆ ಒಡೆದರೆ ‘ಬಳೆ ಹೆಚ್ಚಿತು’ ಅನ್ನಬೇಕು. ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು. ನಾನು ಬಾಯಿತಪ್ಪಿ ‘ಅಮ್ಮಾ, ಅಕ್ಕಿ ಇಲ್ಲ’ ಅಂದರೆ ಅಮ್ಮ ಸೌಟು ಎತ್ತುತ್ತಿದ್ದರು. “ಇಲ್ಲ ಅಂದ್ರೆ ಲಕ್ಷ್ಮಿ ಹೊಸ್ತಿಲು ದಾಟಿ ಹೋಗ್ತಾಳೆ ಕಣೇ.” ಅಡುಗೆಮನೆಯಲ್ಲಿ ಕಲಿತದ್ದು ಅಡುಗೆಮನೆಯಲ್ಲೇ ಉಳಿಯುವುದಿಲ್ಲ. ಯಾರು ಏನು ಕೇಳಿದರೂ ನೋಡೋಣ, ಆಯ್ತು, ಪರವಾಗಿಲ್ಲ ಎನ್ನುತ್ತಾ ಇಪ್ಪತ್ತು ದಾಟಿದ್ದೆ.

ನಾನು ಮನೆಯಲ್ಲೂ ಖಡಾಖಂಡಿತವಾಗಿ ಮಾತಾಡಲು ಶುರು ಮಾಡಿದಾಗ ಅಮ್ಮನಿಗೆ ಗಾಬರಿಯಾಯಿತು. ಗಂಡು ನೋಡುತ್ತಿದ್ದ ಕಾಲ ಅದು. ಒಂದು ಬೆಳಿಗ್ಗೆ ಮೊಳ ಮಲ್ಲಿಗೆ ಹಿಡಿದುಕೊಂಡು ಆಫೀಸಿಗೇ ಬಂದುಬಿಟ್ಟರು.

“ಮೇಡಂ, ನಿಮ್ ಕೆಲ್ಸ ಎಲ್ಲಾ ಕಲಿಸಿ. ಆದ್ರೆ ಇಲ್ಲ ಅನ್ನೋದೊಂದು ಕಲಿಸ್ಬೇಡಿ. ಮದ್ವೆ ಆಗ್ಬೇಕಾದ ಹುಡ್ಗಿ.”

ಲಾಯರಮ್ಮ ಮಲ್ಲಿಗೆ ಮುಡಿದುಕೊಳ್ಳುತ್ತಾ ಹೇಳಿದರು: “ಅದಕ್ಕೇ ಅಮ್ಮ, ಅರ್ಜೆಂಟಾಗಿ ಕಲಿಸ್ತಾ ಇದೀನಿ. ಮದ್ವೆ ಆದ್ಮೇಲೆ ಕಲಿಯೋಕೆ ಟೈಮ್ ಸಿಗಲ್ಲ.”

ಪಕ್ಕದಲ್ಲಿ ಮಿಲ್ಲು ನಿಲ್ಲಿಸಿ ಕಿವಿ ನಿಮಿರಿಸಿಕೊಂಡಿದ್ದ ಮಿಲ್ಲಿನ ಅಣ್ಣ ಗೋಡೆಯಾಚೆಯಿಂದ ಗೊಳ್ಳೆಂದು ನಕ್ಕರು. ಅಮ್ಮ ಮುಖ ಊದಿಸಿಕೊಂಡು ಬಸ್ಸು ಹತ್ತಿದರು. “ಆ ಯಮ್ಮನ ಬಾಯಲ್ಲಿ ಬರೀ ಅಪಶಕುನ” ಎಂಬುದು ಅವರ ತೀರ್ಪಾಗಿತ್ತು. ಅದನ್ನು ಅವರು ಬಹಳ ವರ್ಷ ಬದಲಿಸಲಿಲ್ಲ.

ಲಾಯರಮ್ಮ ಶಾಸಕಿಯಾಗಿದ್ದು ಯಾರೂ ಅಂದುಕೊಂಡದ್ದಲ್ಲ, ಅವರೂ ಅಂದುಕೊಂಡಿರಲಿಲ್ಲ. ಆ ಸಲ ನಮ್ಮ ಕಡೆ ಟಿಕೆಟ್ಟಿಗಾಗಿ ಇಬ್ಬರು ದೊಡ್ಡ ಜಮೀನುದಾರರು ಜಿದ್ದಿಗೆ ಬಿದ್ದಿದ್ದರು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಸೋಲಿಸುವುದು ಖಾತ್ರಿ. ಬಾಡಿಗೆದಾರರ ಕೇಸು, ಕಾರ್ಮಿಕರ ಕೇಸು, ಗಂಡ ಬಿಟ್ಟವರ ಕೇಸು ನಡೆಸಿ ಮನೆಮನೆಗೂ ಗೊತ್ತಿದ್ದ ಲಾಯರಮ್ಮನನ್ನು ಪಕ್ಷದವರು ಕರೆದು ನಿಲ್ಲಿಸಿದರು. ಒಂಟಿ ಹೆಂಗಸು, ಹಿಂದೆ ಮುಂದೆ ಯಾರೂ ಇಲ್ಲ, ಹೇಳಿದ ಹಾಗೆ ಕೇಳಿಕೊಂಡಿರುತ್ತಾಳೆ ಎಂಬುದು ಅವರ ಲೆಕ್ಕ. ಅವರ ಲೆಕ್ಕವನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ವಿಧಾನಸಭೆಯಲ್ಲಿ ಮೊದಲ ದಿನ ಮಾತಾಡಲು ಎದ್ದಾಗ ಅವರು ಒಂದು ತಪ್ಪು ಮಾಡಿದರು. ‘ಮಾನ್ಯ ಸಭಾಧ್ಯಕ್ಷರೇ’ ಅನ್ನಬೇಕಾದಲ್ಲಿ, ಕೋರ್ಟಿನ ಅಭ್ಯಾಸಬಲದಿಂದ ‘ಮಹಾಸ್ವಾಮಿ’ ಅಂದುಬಿಟ್ಟರು. ನ್ಯಾಯಾಧೀಶರನ್ನು ಕರೆಯುವ ಪದ ಅದು. ಇಡೀ ಸದನ ಬಿದ್ದು ಬಿದ್ದು ನಕ್ಕಿತು. ಒಬ್ಬರು ಮೇಜು ಕುಟ್ಟಿ “ಮೇಡಂ, ಇದು ಕೋರ್ಟ್ ಅಲ್ಲ” ಎಂದು ಕೂಗಿದರು. ಗ್ಯಾಲರಿಯಲ್ಲಿ ಕೂತಿದ್ದ ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಲಾಯರಮ್ಮ ನಗು ನಿಲ್ಲುವವರೆಗೆ ಕಾದು, “ಅಲ್ಲಿ ಮಹಾಸ್ವಾಮಿ ಅಂದ್ರೆ ಕೇಳಿಸ್ಕೋತಾರೆ. ಇಲ್ಲಿ ಏನು ಅಂದ್ರೆ ಕೇಳಿಸ್ಕೋತಾರೆ ಅಂತ ಹೇಳಿ, ಹಾಗೇ ಕರೀತೀನಿ” ಎಂದರು. ಆಮೇಲೂ ಅವರ ಬಾಯಿಂದ ಅದೇ ಬರುತ್ತಿತ್ತು. ಮೊದಲು ಅಭ್ಯಾಸದಿಂದ, ಆಮೇಲೆ ಹಠದಿಂದ.

ಶಾಸಕಿಯಾದರೂ ಆಫೀಸು ಬದಲಾಗಲಿಲ್ಲ. ಬೆಳಿಗ್ಗೆ ಎದ್ದರೆ ಮಿಲ್ಲಿನ ಮುಂದಿನ ಕಟ್ಟೆಯ ಮೇಲೆ ಹಿಟ್ಟಿಗೆ ಬಂದವರು ಯಾರು, ಶಾಸಕರನ್ನು ನೋಡಲು ಬಂದವರು ಯಾರು ಎಂದು ಗೊತ್ತಾಗುತ್ತಿರಲಿಲ್ಲ. ನಮ್ಮಲ್ಲಿ ಶಾಸಕರಾದವರಿಗೆಲ್ಲ ಬಾಯಿಪಾಠವಾಗಿರುವ ಪದವೊಂದಿದೆ: ‘ಮಾಡ್ಸೋಣ’. ಯಾರು ಮಾಡಿಸುತ್ತಾರೆ, ಯಾವಾಗ, ಏನು, ಒಂದೂ ಆ ಪದದಲ್ಲಿಲ್ಲ. ಆದರೂ ಕೇಳಿದವರು ಹೊಟ್ಟೆ ತುಂಬಿದವರ ಹಾಗೆ ಎದ್ದು ಹೋಗುತ್ತಾರೆ. ಲಾಯರಮ್ಮನ ಬಾಯಲ್ಲಿ ಆ ಪದವನ್ನು ನಾನು ಒಂದು ದಿನವೂ ಕೇಳಲಿಲ್ಲ. ಆಗುವುದಾದರೆ ಆಗುತ್ತೆ, ಆಗದಿದ್ದರೆ ಆಗಲ್ಲ.

ಬ್ಯಾಡರಹಳ್ಳಿಯಿಂದ ಒಬ್ಬ ಯಜಮಾನರು ಮಗನಿಗೆ ಸರ್ಕಾರಿ ಕೆಲಸ ಕೊಡಿಸಿ ಎಂದು ಬಂದರು. “ಇಲ್ಲ ಯಜಮಾನ್ರೇ, ಆಗಲ್ಲ. ಹಾಗೆ ಕೊಡ್ಸೋಕೆ ನಂಗೆ ಅಧಿಕಾರ ಇಲ್ಲ. ಯಾರಿಗೂ ಇಲ್ಲ” ಎಂದರು ಲಾಯರಮ್ಮ. ಆತ ಕೆಂಡಾಮಂಡಲವಾಗಿ, ನಿಮಗೆ ಓಟು ಹಾಕಿದ್ದೇ ತಪ್ಪಾಯ್ತು ಎಂದು ಬೀದಿಗೆಲ್ಲ ಕೇಳುವಂತೆ ಬೈದು ಹೋದರು. ಒಂದು ವರ್ಷ ಕಳೆದ ಮೇಲೆ ಅದೇ ಮನುಷ್ಯ ಸೀಬೆಹಣ್ಣಿನ ಚೀಲ ಹೊತ್ತು ಬಂದು ನಿಂತರು. “ಹಿಂದಿದ್ದೋರು ನೋಡೋಣ, ಮಾಡ್ಸೋಣ ಅಂತ ನನ್ನ ಚಪ್ಲಿ ಸವೆಸಿದ್ರು ತಾಯಿ. ನನ್ ಮಗ ಅದನ್ನೇ ನಂಬ್ಕೊಂಡು ಮನೇಲಿ ಬಿದ್ದಿದ್ದ. ನೀವು ಇಲ್ಲ ಅಂದ್ಮೇಲೆ ಎದ್ದು ಹೋಗಿ ಗ್ಯಾರೇಜ್ ಸೇರ್ಕೊಂಡ. ಈಗ ಅವನ್ದೇ ಗ್ಯಾರೇಜ್ ಇದೆ.” ಸೀಬೆಹಣ್ಣನ್ನು ಲಾಯರಮ್ಮ ಮಿಲ್ಲಿನ ಕಟ್ಟೆಯ ಮೇಲಿದ್ದವರಿಗೆಲ್ಲ ಹಂಚಿಸಿದರು. ಹಾಗೆಂದು ಎಲ್ಲರೂ ಹಣ್ಣು ತಂದರು ಎಂದುಕೊಳ್ಳಬೇಡಿ. ಬೈದು ಹೋದವರಲ್ಲಿ ಬಹಳ ಜನ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಈಗ ಮೈದಾನದ ವಿಷಯ.

ನಮ್ಮ ಹೆಗ್ಗನಹಳ್ಳಿ ಕಡೆ ಇಪ್ಪತ್ತಕ್ಕೆ ಮೂವತ್ತಡಿಯ ಸೈಟುಗಳಲ್ಲಿ ಮಹಡಿ ಮೇಲೆ ಮಹಡಿ ಎಬ್ಬಿಸಿದ ಮನೆಗಳು. ಎದುರು ಮನೆಯವರ ಸಾರಿನ ಒಗ್ಗರಣೆಗೆ ಈ ಮನೆಯವರು ಸೀನುತ್ತಾರೆ. ಅಂಥ ಕಡೆ ಆಕಾಶ ಪೂರ್ತಿ ಕಾಣುತ್ತಿದ್ದ ಜಾಗ ಆ ಮೈದಾನ ಒಂದೇ. ನಾನು ಸೈಕಲ್ ಕಲಿತದ್ದು ಅಲ್ಲಿ. ಅಪ್ಪ ನಿವೃತ್ತರಾದ ಮೇಲೆ ಸಂಜೆ ಕೂರುತ್ತಿದ್ದದ್ದು ಅಲ್ಲಿ. ಬಡಾವಣೆ ಮಾಡುವಾಗ ಆಟಕ್ಕೆ, ಶಾಲೆಗೆ, ಆಸ್ಪತ್ರೆಗೆ ಎಂದು ಬಿಡುವ ಇಂಥ ಸಾರ್ವಜನಿಕ ಜಾಗವನ್ನು ನಮ್ಮ ಕಡೆ ಸಿಎ ಸೈಟು ಅನ್ನುತ್ತಾರೆ. ಒಂದು ದಿನ ಅದರ ಸುತ್ತ ಯಾವುದೋ ಖಾಸಗಿ ಟ್ರಸ್ಟಿನ ತಂತಿಬೇಲಿ ಎದ್ದಿತು. ಊರಲ್ಲಿ ಎಷ್ಟೋ ಕಡೆ ಹೀಗೆ ಬೇಲಿ ಬಿದ್ದಿತ್ತು. ಹಾಗೆ ಬೇಲಿ ಹಾಕಿಕೊಂಡವರಿಗೇ ಜಾಗವನ್ನು ಸಕ್ರಮ ಮಾಡಿಕೊಡುವ ಮಸೂದೆಯೊಂದನ್ನು ಸದನಕ್ಕೆ ತಂದದ್ದು ಲಾಯರಮ್ಮನ ಪಕ್ಷದ ಸರ್ಕಾರವೇ. ಎಲ್ಲರೂ ಪರವಾಗಿ ಮತ ಹಾಕಬೇಕೆಂದು ಪಕ್ಷ ವಿಪ್ ಹೊರಡಿಸಿತ್ತು. ವಿಪ್ ಮೀರಿದರೆ ಶಾಸಕ ಸ್ಥಾನವೇ ಹೋಗುತ್ತದೆ. ಕಾನೂನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಸೂದೆ ಮತಕ್ಕೆ ಬರುವ ಹಿಂದಿನ ದಿನ ಪಕ್ಷದ ಮುಖಂಡರೊಬ್ಬರು ಆಫೀಸಿಗೆ ಬಂದರು. ಬಿಳಿ ಪಂಚೆ ಉಟ್ಟಿದ್ದರಿಂದ ಹಿಟ್ಟಿನ ಭಯವಿರಲಿಲ್ಲ, ಆರಾಮಾಗಿ ಕೂತರು.

“ನೀವು ಹೌದು ಅನ್ನೋದೂ ಬೇಡ ಮೇಡಂ. ಸುಮ್ನೆ ಕೂತ್ಕೊಳಿ ಸಾಕು. ಇಲ್ಲಾಂದ್ರೆ ಆ ಹೊತ್ತಿಗೆ ಎದ್ದು ಹೋಗಿ ಒಂದು ಕಾಫಿ ಕುಡ್ಕೊಂಡು ಬನ್ನಿ. ಯಾರ್ ನೋಡ್ತಾರೆ? ಮುಂದೆ ನಿಮ್ಗೇ ಒಳ್ಳೇದಾಗುತ್ತೆ.”

“ಹೌದು ಅನ್ನೋರ ಮಧ್ಯೆ ಬಾಯಿ ಮುಚ್ಕೊಂಡು ಕೂತ್ರೆ ಅದೂ ಹೌದೇ ಅಲ್ವಾ ಸಾರ್?”

“ಅಯ್ಯೋ, ಅಷ್ಟೆಲ್ಲಾ ಯಾಕೆ ಯೋಚ್ನೆ ಮಾಡ್ತೀರಾ? ಹಾಗಾದ್ರೆ ನಮ್ಮ ಮಾತಿಗೆ…”

“ಇಲ್ಲ.”

ಅವರು ಹೋದ ಮೇಲೆ ನಾನು ಅಳುವುದೊಂದೇ ಬಾಕಿ. “ಮೇಡಂ, ಸೀಟು ಹೋಗುತ್ತೆ. ಸೀಟಿದ್ರೆ ಇನ್ನೂ ಎಷ್ಟೋ ಕೆಲ್ಸ ಮಾಡ್ಬಹುದು. ಒಂದು ಮೈದಾನಕ್ಕೋಸ್ಕರ…” ಎಂದೆ. ಲಾಯರಮ್ಮ ನನ್ನನ್ನು ದುರುಗುಟ್ಟಿ ನೋಡಿದರು. “ಇವತ್ತು ಇಲ್ಲ ಅನ್ನೋಕೆ ಆಗ್ದೇ ಇರೋ ಸೀಟು ಇಟ್ಕೊಂಡು ನಾಳೆ ಏನ್ ಮಾಡ್ತೀಯೇ? ಅದರ ಮೇಲೆ ಕೂತ್ಕೊಂಡು ಹಪ್ಪಳ ಒಣಗಿಸ್ತೀಯಾ?” ಎಂದು ಬೈದು, ಕಾಫಿ ತರಿಸಿಕೊಟ್ಟರು.

ಮರುದಿನ ಸದನದಲ್ಲಿ ವಿರೋಧ ಪಕ್ಷದವರು ಬೇರಾವುದೋ ನೆಪ ತೆಗೆದು ಮಸೂದೆಯ ಹೊತ್ತಿಗೆ ಸರಿಯಾಗಿ ಸಭಾತ್ಯಾಗ ಮಾಡಿದರು. ಬೇಲಿ ಹಾಕಿಕೊಂಡವರಲ್ಲಿ ಅವರ ಕಡೆಯವರೂ ಇದ್ದರು ಬಿಡಿ. ಸಭಾಧ್ಯಕ್ಷರು ಬಡಬಡನೆ ಓದಿದರು. “ಪರವಾಗಿ ಇರುವವರು ಹೌದು ಎನ್ನಿ.” ಹೌದು ಎಂದು ಸದನ ಗುಡುಗಿತು. “ವಿರುದ್ಧ ಇರುವವರು ಇಲ್ಲ ಎನ್ನಿ.” ಇದು ಬಾಯಿಮಾತಿಗೆ ಕೇಳುವ ಪ್ರಶ್ನೆ. ಕೇಳಿದವರೂ ಉತ್ತರ ನಿರೀಕ್ಷಿಸಿರಲಿಲ್ಲ.

“ಇಲ್ಲ.”

ಆ ಹರಿದ ತಮಟೆಯ ಗಂಟಲು ಆಡಳಿತ ಪಕ್ಷದ ಸಾಲಿನ ನಡುವಿನಿಂದ ಬಂತು. ಸಭಾಧ್ಯಕ್ಷರು ಕೇಳಿಸದವರಂತೆ “ಹೌದು ಎಂಬ ಮತ ಹೆಚ್ಚಾಗಿದೆ…” ಎಂದು ಮುಂದುವರಿಯಲು ಹೋದರು. ಲಾಯರಮ್ಮ ಎದ್ದು ನಿಂತರು. “ಮಹಾಸ್ವಾಮಿ, ನಾನು ಇಲ್ಲ ಅಂದಿದ್ದೀನಿ. ಎಣಿಸಿ.”

ಸದನದ ಭಾಷೆಯಲ್ಲಿ ಇದಕ್ಕೆ ಮತ ವಿಭಜನೆ ಕೇಳುವುದು ಎನ್ನುತ್ತಾರೆ. ಗದ್ದಲದಲ್ಲಿ ಕೂಗಿದರೆ ಯಾರು ಏನಂದರು ಎಂಬುದು ತಿಳಿಯುವುದಿಲ್ಲ. ವಿಭಜನೆಯಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ಎಣಿಸಿಕೊಳ್ಳಬೇಕು. ಆಗಲ್ಲ, ಒಬ್ಬರಿಗಾಗಿ ಯಾಕೆ ಎಂದು ಕೂಗಾಟವಾಯಿತು. ಸಭಾಧ್ಯಕ್ಷರು ಕೊನೆಗೆ ಒಪ್ಪಿದರು. ಅವರೂ ಹಿಂದೊಮ್ಮೆ ವಕೀಲರಾಗಿದ್ದವರು, ಯಾಕೋ ಆ ದಿನ ಅದು ನೆನಪಾಗಿರಬೇಕು. ಗಂಟೆ ಮೊಳಗಿತು. ಸಾಲುಸಾಲಾಗಿ ಎದ್ದು ನಿಂತರು. ಈಗಷ್ಟೇ ಗುಡುಗಿದವರು ಒಬ್ಬರ ಮುಖ ಒಬ್ಬರು ನೋಡಲಾರದೆ ನೆಲ ನೋಡುತ್ತಿದ್ದರು. ಗ್ಯಾಲರಿಯಿಂದ ನಾನು ಕಣ್ಣಾರೆ ಕಂಡೆ. ಕೆಲವರು ಶೌಚಾಲಯದ ಕಡೆ ಜಾರಿಕೊಂಡರು. ವಿರುದ್ಧ ಇರುವವರು ಎದ್ದು ನಿಲ್ಲಿ ಎಂದಾಗ ಲಾಯರಮ್ಮ ಒಬ್ಬರೇ ಎದ್ದರು. ಅವರ ಕಡುನೀಲಿ ಸೀರೆಯ ಭುಜದ ಮೇಲೆ ಸ್ವಲ್ಪ ಹಿಟ್ಟಿತ್ತು. ಅಷ್ಟು ಎತ್ತರದಿಂದಲೂ ನನಗೆ ಕಂಡಿತು, ಇಲ್ಲವೇ ಕಂಡಿತು ಅಂದುಕೊಂಡೆ.

ಮಸೂದೆ ಪಾಸಾಯಿತು. ಸ್ಥಾನ ಹೋಯಿತು. ಪಕ್ಷದವರು ದೂರು ಕೊಟ್ಟು ಅನರ್ಹಗೊಳಿಸಿದರು. ಆ ಸುದ್ದಿ ಬಂದ ಮರುದಿನ ಬೆಳಿಗ್ಗೆ ಲಾಯರಮ್ಮ ಮೊಳೆಯಿಂದ ಕರಿಕೋಟು ತೆಗೆದರು. ಅಷ್ಟು ಕಾಲ ತೊಡದೆ ಅದು ಬೆಳ್ಳಗಾಗಿತ್ತು. ಬಾಗಿಲಾಚೆ ಹಿಡಿದು ಕೊಡವಿದಾಗ ಬೀದಿಯಲ್ಲಿ ಹೋಗುತ್ತಿದ್ದ ಆಟೋದವನು ಕೆಮ್ಮಿಬಿಟ್ಟ. ಮಿಲ್ಲಿನ ಅಣ್ಣ ಬಾಗಿಲಿಗೆ ಬಂದು ನಿಂತು, “ಬೇಜಾರ್ ಮಾಡ್ಕೋಬೇಡಿ ಮೇಡಂ” ಎಂದರು. “ಬೇಜಾರಾ? ನಿಮ್ ಗೋಡೆ ಸಂದಿ ಮೊದ್ಲು ಸರಿಯಾಗಿ ಮುಚ್ಚಿ. ಇದು ರಾಗೀನೋ ಗೋಧೀನೋ?” ಎಂದರು ಲಾಯರಮ್ಮ.

ಮುಂದಿನ ಚುನಾವಣೆಗೆ ಅವರು ಪಕ್ಷೇತರರಾಗಿ ನಿಂತು ಸೋತರು. ನಾನು ಜನರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವರು ತಡೆದರು. “ಜನ ಇಲ್ಲ ಅಂದ್ರು ಕಣೇ. ನಾವು ಹೇಳೋದು ಮಾತ್ರ ಅಲ್ಲ, ಹೇಳಿಸ್ಕೋಳೋದೂ ಗೊತ್ತಿರ್ಬೇಕು. ಮೈದಾನದ ಫೈಲ್ ತಗೊಂಡ್ ಬಾ.” ಆ ಫೈಲು ಹಿಡಿದು, ಹೊಸ ಕಾಯ್ದೆಯನ್ನೇ ಪ್ರಶ್ನಿಸಿ ಹೈಕೋರ್ಟಿಗೆ ಹೋದೆವು. ವರ್ಷಗಟ್ಟಲೆ ನಡೆಯಿತು. ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು, ಅಪ್ಪ ತೀರಿಕೊಂಡರು, ಕೇಸು ನಡೆಯುತ್ತಲೇ ಇತ್ತು. ಅಂತೂ ಮೈದಾನ ಮೈದಾನವಾಗಿಯೇ ಉಳಿಯಬೇಕು ಎಂದು ತೀರ್ಪು ಬಂತು. ಬೇಲಿ ಕಿತ್ತ ದಿನ ಲಾಯರಮ್ಮ ಮೈದಾನದ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಸೈಕಲ್ ಬಿಡುವವರಿಂದೆಲ್ಲ ತಮ್ಮ ಸುತ್ತ ಒಂದೊಂದು ಸುತ್ತು ಹಾಕಿಸಿದರು. ಅಷ್ಟು ಸಂತೋಷವಾಗಿ ಅವರನ್ನು ನಾನು ನೋಡಿದ್ದು ಅದೊಂದೇ ಸಲ.

ಕೊನೆಗೆ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ದಿನವೂ ಬಂದು “ಆರಾಮಾಗಿದ್ದೀರಾ ಮೇಡಂ?” ಎಂದು ಕೇಳುತ್ತಿದ್ದರು. “ಇಲ್ಲ” ಅನ್ನುತ್ತಿದ್ದರು ಲಾಯರಮ್ಮ. ಡಾಕ್ಟರು ಮಂಚಕ್ಕೆ ನೇತುಹಾಕಿದ ಚಾರ್ಟನ್ನು ಮತ್ತೆ ತಿರುವಿ ನೋಡುತ್ತಿದ್ದರು. ನನಗೆ ನಗುವೂ ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಒಂದು ಮುಂಜಾನೆ ಹೋದರು. ನನ್ನ ಹೆತ್ತವರಿಗೆ ನಾನು ಎಷ್ಟು ಋಣಿಯೋ ಆ ಹೆಂಗಸಿಗೂ ಅಷ್ಟೇ ಋಣಿ ಎಂಬುದನ್ನು ಅವರು ಬದುಕಿದ್ದಾಗ ಹೇಳಿದ್ದರೆ ಬೈಯುತ್ತಿದ್ದರು. ಈಗ ಹೇಳುತ್ತಿದ್ದೇನೆ.

ಶ್ರದ್ಧಾಂಜಲಿ ಸಭೆ ಅದೇ ಮೈದಾನದಲ್ಲಿ ನಡೆಯಿತು. ಶಾಮಿಯಾನ, ಕುರ್ಚಿಗಳು, ಲಾಯರಮ್ಮನ ಮುಖವನ್ನು ಬೆಳ್ಳಗೆ ಮಾಡಿದ ದೊಡ್ಡ ಫ್ಲೆಕ್ಸು. ಈಗಿನ ಶಾಸಕರು ಮೈಕು ಹಿಡಿದು ಚೆನ್ನಾಗಿಯೇ ಮಾತಾಡಿದರು. ಅವರೂ ‘ಮೃದುಭಾಷಿ’ ಅಂದರು. ‘ಎಲ್ಲರೊಂದಿಗೆ ಹೊಂದಿಕೊಂಡು ಹೋದವರು’ ಅಂದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಕೊನೆಗೆ ಅವರು ದನಿ ಏರಿಸಿದರು.

“ಅಮ್ಮನವರ ನೆನಪು ಶಾಶ್ವತವಾಗಿ ಉಳೀಬೇಕು. ಅದಕ್ಕೆ ಇದೇ ಜಾಗದಲ್ಲಿ ಅವರ ಹೆಸರಲ್ಲೇ ಒಂದು ಭವ್ಯವಾದ ಭವನ ಕಟ್ಟಿಸ್ತೀನಿ. ಮೇಲೆ ಮೀಟಿಂಗ್ ಹಾಲ್, ಕೆಳಗೆ ಮಳಿಗೆಗಳು. ಎಲ್ಲರಿಗೂ ಒಪ್ಪಿಗೆ ತಾನೇ? ಜೋರಾಗಿ ಚಪ್ಪಾಳೆ ಬರ್ಲಿ!”

ಚಪ್ಪಾಳೆ ಶುರುವಾಯಿತು. ಜನ ಕೆಟ್ಟವರೆಂದಲ್ಲ. ಸತ್ತವರ ಹೆಸರಿಗೆ ಕೇಳಿದಾಗ ನಮ್ಮ ಕಡೆ ಯಾರೂ ಬೇಡ ಅನ್ನುವುದಿಲ್ಲ, ಅದು ಮರ್ಯಾದೆ. ಬೇಲಿಯವರಿಗೆ ಸಾಧ್ಯವಾಗದ್ದು ಆ ಮರ್ಯಾದೆಯಿಂದಲೇ ಆಗಿಹೋಗುವುದರಲ್ಲಿತ್ತು. ನಾನು ಎದ್ದು ನಿಂತೆ.

“ಇಲ್ಲ.”

ಚಪ್ಪಾಳೆ ನಿಂತಿತು. ಶಾಸಕರು ನಗುತ್ತಲೇ, “ಏನಂದ್ರಿ ಮೇಡಂ?” ಎಂದರು.

“ಒಪ್ಪಿಗೆ ಇಲ್ಲ ಅಂದೆ ಸಾರ್. ಎಣಿಸಿ.”

“ಇದು ದುಃಖದ ಸಭೆ ಮೇಡಂ. ಇಲ್ಲಿ ಇಂಥದ್ದೆಲ್ಲಾ…”

“ನಂದೂ ಇಲ್ಲ” ಎಂದು ಹಿಂದಿನಿಂದ ಮಿಲ್ಲಿನ ಅಣ್ಣ ಎದ್ದರು. ವಯಸ್ಸಾಗಿದೆ, ಕುರ್ಚಿ ಹಿಡಿದುಕೊಂಡೇ ಎದ್ದರು.

ನನ್ನ ಪಕ್ಕದಲ್ಲಿ ಅಮ್ಮ ಕೂತಿದ್ದರು. ಅವರು ಮೆಲ್ಲಗೆ ಸೆರಗು ಸರಿಮಾಡಿಕೊಂಡು ನನ್ನ ತೋಳು ಹಿಡಿದು ಎದ್ದು ನಿಂತರು. ಡಬ್ಬಿಯಲ್ಲಿ ಚಿಟಿಕೆ ಅರಿಶಿನ ಉಳಿಯದಿದ್ದಾಗಲೂ ‘ಹೆಚ್ಚಿದೆ’ ಎಂದೇ ಬದುಕಿದ ನಮ್ಮಮ್ಮ, ಮೈಕಿನ ಕಡೆ ಮುಖ ಮಾಡಿ, ಗಟ್ಟಿಯಾಗಿ ಹೇಳಿದರು.

“ಇಲ್ಲ ಕಣಪ್ಪ. ಇಲ್ಲ.”

ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು, ಬಳಿಕ ಒಂದಿಡೀ ಸಾಲು. ಯಾರೋ ಮೈಕು ಆಫ್ ಮಾಡಿದರು. ಎಣಿಸಲು ಯಾರೂ ಮುಂದೆ ಬರಲಿಲ್ಲ. ಹಾಗಾಗಿ ಅಮ್ಮನನ್ನು ಮೊದಲು ಲೆಕ್ಕಕ್ಕೆ ಹಿಡಿದು, ನಾನೇ ಗಟ್ಟಿಯಾಗಿ ಎಣಿಸಲು ಶುರು ಮಾಡಿದೆ.